ಫ್ಯಾಮಿಲಿ ರೂಮು

ನಮ್ಮ ನೇಸರಗಿಯ ಕಡೆ 'ಸೆರೆ' ಎಂಬ ಶಬ್ದಕ್ಕೆ ಎರಡು ಅರ್ಥ. ಒಂದು ಜೇಲು, ಇನ್ನೊಂದು ಕುಡಿಯುವ ಪದಾರ್ಥ. ಎಂಟನೆಯ ಇಯತ್ತೆಯಲ್ಲಿ ನಾನಾರ್ಥ ಕಲಿಸುವಾಗ ಈ ಶಬ್ದ ಬಂತೆಂದರೆ ಹಿಂದಿನ ಬೆಂಚಿನ ಹುಡುಗರು ಒಬ್ಬರನ್ನೊಬ್ಬರು ತಿವಿದು ನಗುತ್ತಾರೆ. ಹುಡುಗಿಯರು ನಗುವುದಿಲ್ಲ. ಅವರಲ್ಲಿ ಕೆಲವರ ಮನೆಗೆ ಸಂಜೆಯಾದರೆ ಎರಡೂ ಅರ್ಥಗಳು ಕೂಡಿಯೇ ಬರುತ್ತವೆ ಎಂಬುದು, ಮರುದಿನ ಅವರ ಮನೆಪಾಠದ ವಹಿ ತೆರೆದಾಗ ನನಗೆ ಗೊತ್ತಾಗುತ್ತದೆ. ಅರ್ಧಕ್ಕೇ ನಿಂತ ಗಣಿತ, ನಡುವೆ ಒದ್ದೆಯಾಗಿ ಒಣಗಿದ ಹಾಳೆ.

ಬೆಳಗಾವಿ–ಬಾಗಲಕೋಟೆ ರಸ್ತೆಯ ಯಾವ ಊರಿನಲ್ಲಿ ಬಸ್ಸು ನಿಂತರೂ ಕಿಟಕಿಯಿಂದ ಒಂದು ಬೋರ್ಡು ಕಾಣುತ್ತದೆ: ಬಾರ್ ಆ್ಯಂಡ್ ರೆಸ್ಟೋರೆಂಟ್. ಇಲ್ಲವೆ ವೈನ್ ಶಾಪ್. ಹೆಸರು ವೈನ್ ಶಾಪ್ ಆದರೂ ಅಲ್ಲಿ ದ್ರಾಕ್ಷಿಯ ರಸ ಕೇಳಿದವರನ್ನು ನಾನು ಕಂಡಿಲ್ಲ. ಆ ಬೋರ್ಡು ಬಂತೆಂದರೆ ನಾವು ಹೆಂಗಸರು ಸೆರಗು ಸರಿಮಾಡಿಕೊಂಡು ರಸ್ತೆಯ ಆಚೆ ಮಗ್ಗುಲಿಗೆ ದಾಟುತ್ತೇವೆ. ಯಾರೂ ಕಲಿಸಿಕೊಟ್ಟದ್ದಲ್ಲ, ಕಾಲಿಗೇ ರೂಢಿಯಾಗಿದೆ. ನೀವೂ ದಾಟುತ್ತೀರಿ. ಮೂವತ್ತು ವರ್ಷ ಹೀಗೆ ದಾಟಿದ ಮೇಲೆ ನನಗೆ ಅನ್ನಿಸಿದ್ದು ಇಷ್ಟು. ಮನೆಯ ಅರ್ಧ ಪಗಾರ ನುಂಗುವ ಆ ಜಾಗದ ಒಳಗೆ ಕುರ್ಚಿ ಇವೆಯೋ ಬೆಂಚು ಇವೆಯೋ, ಆ ಮನೆಯ ಹೆಣ್ಣುಮಗಳಿಗೆ ಗೊತ್ತಿಲ್ಲ. ತವರಿನ ಎತ್ತಿನ ಕೊಟ್ಟಿಗೆಯಲ್ಲಿ ಎಷ್ಟು ಗೂಟ ಇದ್ದವೆಂದು ಕೇಳಿದರೆ ನಿದ್ದೆಯಲ್ಲೂ ಹೇಳುವ ನಮ್ಮಂಥವರಿಗೆ ಇದೊಂದು ಜಾಗ ಮಾತ್ರ ಪೂರ್ತಿ ಕತ್ತಲೆ.

ನನ್ನ ಅಕ್ಕನ ಮಗಳು ಬೆಂಗಳೂರಿನಲ್ಲಿ ಮಾಡುತ್ತಿರುವ ಕೆಲಸ ಈ ಕತ್ತಲೆಯೊಳಗೆ ಹೋಗಿ ಬರುವುದು. ಇಂಗ್ಲಿಷ್ ಪತ್ರಿಕೆಯೊಂದಕ್ಕೆ ಅವಳು ಊರಿನ ಹೊಟೆಲುಗಳ ಬಗ್ಗೆ ಬರೆಯುತ್ತಾಳೆ. ಈಚೆಗೆ ಬಡಾವಣೆ ಬಡಾವಣೆಯ ಬಾರುಗಳ ಬಗ್ಗೆಯೂ. ಇದಕ್ಕೆ ವಿಮರ್ಶೆ ಎಂದೇ ಕರೆಯುತ್ತಾರಂತೆ. ಕಾದಂಬರಿಗೆ, ನಾಟಕಕ್ಕೆ ವಿಮರ್ಶೆ ಇರುವುದನ್ನು ಬಿ.ಎ. ಓದುವಾಗ ನಾನು ಉರು ಹೊಡೆದಿದ್ದೆ. ಬಾರಿಗೂ ಇರುತ್ತದೆ ಎಂದು ನಮ್ಮ ಪ್ರಾಧ್ಯಾಪಕರು ಹೇಳಿಕೊಟ್ಟಿರಲಿಲ್ಲ.

ಅಕ್ಕನಿಗೆ ಈ ಸಂಗತಿ ಗೊತ್ತಾದದ್ದು ಹುಡುಗಿಯನ್ನು ಕೇಳಿಕೊಂಡು ಬಂದವರ ಬಾಯಿಯಿಂದ. ಬಂದವರು ಚಹಾ ಕುಡಿದು, "ಹುಡುಗಿ ಏನೋ ಬಾರಿನ ಬಗ್ಗೆ ಬರೀತಾಳಂತಲ್ಲರಿ" ಎಂದು ಕಪ್ಪು ಕೆಳಗಿಟ್ಟರು. ಆಮೇಲೆ ಅವರ ಸುದ್ದಿಯಿಲ್ಲ. ಅಕ್ಕ ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ ನಮ್ಮ ಮನೆಗೆ ಬಂದು, "ದಸರಾ ಸೂಟಿಗೆ ನೀ ಹೋಗಿ ಬಾ. ನಿನ್ನ ಮಾತ ಕೇಳ್ತಾಳ. ಆಕಿಗಿ ಬಿ.ಎಡ್. ಮಾಡಸು. ಇಲ್ಲಾ, ಮನಿಗೆ ಕರ್ಕೊಂಡ ಬಾ" ಅಂದಳು.

ಅಕ್ಕನ ನೋವು ಲಗ್ನದ್ದೊಂದೇ ಅಲ್ಲ. ನಮ್ಮ ಭಾವ ತೀರಿಕೊಂಡದ್ದು 2006ರಲ್ಲಿ, ಯಕೃತ್ತು ಕೆಟ್ಟು. ಆಗ ಪ್ಯಾಕೀಟಿನ ಸರಾಯಿಯ ಕಾಲ. ಹುಡುಗಿಗೆ ಹತ್ತು ವರ್ಷ ಇದ್ದಾಗಿನಿಂದ ರಾತ್ರಿ ಅಂಗಡಿಯ ಮುಂದೆ ನಿಂತು ಅಪ್ಪನನ್ನು ಕರೆದು ತರುವ ಕೆಲಸ ಅವಳದೇ ಆಗಿತ್ತು. ಹೆಂಡತಿ ಹೋದರೆ ಹೊಡೆತ. ಮಗಳು ಹೋದರೆ ಸುಮ್ಮನೆ ಎದ್ದು ಬರುತ್ತಿದ್ದರು. ಕರ್ನಾಟಕದಲ್ಲಿ ಸರಾಯಿ ಬಂದ್ ಆದದ್ದು 2007ರ ಜುಲೈ 1ರಂದು. "ಒಂದ ವರ್ಷ ಮೊದಲ ಮಾಡಿದ್ರ ಇವ್ರಿಗೇನ ಹೋಗ್ತಿತ್ತು" ಎಂದು ಅಕ್ಕ ಈಗಲೂ ಅನ್ನುತ್ತಾಳೆ. ಸರಾಯಿ ಹೋದ ಜಾಗಕ್ಕೆ ತೊಂಬತ್ತು ಎಂ.ಎಲ್. ವಿಸ್ಕಿಯ ಕಾಗದದ ಡಬ್ಬಿ ಬಂತು, ಭಾವ ಬದುಕಿದ್ದರೆ ಅದನ್ನು ಹಿಡಿಯುತ್ತಿದ್ದರು ಎಂದು ಅವಳಿಗೆ ಹೇಳುವ ಧೈರ್ಯ ನನಗಿಲ್ಲ. ಹೇಳಿ ಪ್ರಯೋಜನವೂ ಇಲ್ಲ. ನಮ್ಮ ಅವ್ವ ಇನ್ನೂ ಹಿಂದಿನದನ್ನು ಹೇಳುತ್ತಿದ್ದಳು. ಬೆಳಗಾವಿ ಮುಂಬಯಿ ರಾಜ್ಯದಲ್ಲಿದ್ದಾಗ ಮೊರಾರ್ಜಿ ದೇಸಾಯಿಯವರ ದಾರೂಬಂದಿ. ಆರೋಗ್ಯಕ್ಕೆ ಬೇಕೆಂದು ಪರವಾನಗಿ ತೆಗೆದುಕೊಂಡು ಕುಡಿಯುವ ಸಾಹುಕಾರರು, ಹಳ್ಳದ ದಂಡೆಯ ಕಳ್ಳಭಟ್ಟಿಗೆ ಹೋಗುವ ಬಡವರು. ಸರಕಾರಗಳು ಬದಲಾಗಿವೆ, ಹಳ್ಳದ ದಾರಿ ಹಾಗೆಯೇ ಇದೆ.

2024ರ ಅಕ್ಟೋಬರ್ 2ರಂದು ಶಾಲೆಯಲ್ಲಿ ಗಾಂಧಿ ಜಯಂತಿ ಮುಗಿಸಿ, ಪಾನನಿಷೇಧದ ಬಗ್ಗೆ ಹದಿನೈದು ನಿಮಿಷ ಭಾಷಣ ಮಾಡಿ, ಅದೇ ರಾತ್ರಿ ಬಾರು ನೋಡಲು ಬೆಂಗಳೂರಿನ ಬಸ್ಸು ಹತ್ತಿದೆ. ಶಕ್ತಿ ಯೋಜನೆಯ ಶೂನ್ಯ ಟಿಕೀಟು. ಕಂಡಕ್ಟರು ಆಧಾರ ಕಾರ್ಡು ನೋಡಿ, "ಯಾಕರಿ ಅಕ್ಕಾರ, ಮಕ್ಕಳ ಮನಿಗೇನ್ರಿ?" ಎಂದು ಕೇಳಿದ. ಹೌದು ಅಂದೆ.

ಹುಡುಗಿ ಇರುವುದು ವಿಜಯನಗರದಲ್ಲಿ, ಇನ್ನಿಬ್ಬರು ಹುಡುಗಿಯರ ಜೊತೆ ಬಾಡಿಗೆಯ ಮನೆ. ನಾನು ಬಂದ ಕಾರಣ ಅವಳಿಗೆ ಮೊದಲೇ ಗೊತ್ತಿತ್ತು. ವಾದ ಮಾಡಲಿಲ್ಲ. "ಚಿಗವ್ವ, ಒಂದ ವಾರ ನನ್ನ ಜೋಡಿ ಬಾ. ಆಮ್ಯಾಲೆ ಅವ್ವಗ ಏನ ಹೇಳಬೇಕಂತಿ ನೀನ ಹೇಳ" ಅಂದಳು. ತಿರುಗಿ ಹೋಗಲು ನನಗೂ ಅವಸರವಿರಲಿಲ್ಲ. ಒಳಗಿನಿಂದ ನೋಡುವ ಆಸೆ ನನಗೂ ಇತ್ತು.

ಅವಳ ಕೆಲಸದ ಕಟ್ಟಳೆಗಳನ್ನು ಕೇಳಿದಾಗ ಮಾಸ್ತರಿಕೆಯವಳಾದ ನನಗೆ ಒಪ್ಪಿಗೆಯಾಯಿತು. ಹೇಳದೆ ಹೋಗಬೇಕು. ಬಿಲ್ಲು ತಾನೇ ಕೊಡಬೇಕು. ಒಂದು ಜಾಗಕ್ಕೆ ಎರಡು ಸಲ ಹೋಗಬೇಕು. ಒಮ್ಮೆ ವಾರದ ನಡುವಿನ ಮಧ್ಯಾಹ್ನ, ಒಮ್ಮೆ ಶನಿವಾರ ರಾತ್ರಿ. ನಮ್ಮ ಶಾಲೆಗೆ ತಪಾಸಣೆಗೆ ಬರುವವರು ತಿಥಿ, ವಾರ, ಊಟದ ಹೊತ್ತು ಎಲ್ಲ ತಿಳಿಸಿಯೇ ಬರುತ್ತಾರೆ. ಅವರಿಗೆ ಈ ಹುಡುಗಿಯಿಂದ ಒಂದು ತರಬೇತಿ ಕೊಡಿಸಬೇಕು. ಅವಳು ಗುಟುಕಿನ ರುಚಿ ಬರೆಯುವುದು ಕಡಿಮೆ. ಬಾಟಲಿಯೊಳಗಿನದು ಎಲ್ಲ ಕಡೆ ಒಂದೇ, 2003ರಿಂದ ಸರಕಾರದ ನಿಗಮವೇ ಸಗಟಾಗಿ ಎಲ್ಲರಿಗೂ ಹಂಚುವಂಥದು, ಅದರಲ್ಲಿ ಬರೆಯಲು ಏನಿದೆ ಎನ್ನುತ್ತಾಳೆ. ಬೆಳಕು, ಕುರ್ಚಿ, ತಿನ್ನಲು ಏನು ಕೊಡುತ್ತಾರೆ, ಕೂತವರು ಎಂಥವರು, ಕೆಲಸದ ಹುಡುಗರನ್ನು ಹೇಗೆ ಮಾತಾಡಿಸುತ್ತಾರೆ, ಇವು ಅವಳ ವಿಷಯಗಳು. ನಾನು ನನ್ನವು ಎರಡು ಸೇರಿಸಿದೆ. ಹೆಂಗಸರ ಪಾಯಖಾನೆಯ ಚಿಲಕ, ಮತ್ತು ಲಿಂಬು ಸೋಡಾ.

ಸೋಡಾದ ವಿಷಯ ನಗೆಯದಲ್ಲ. ಐದು ಸಂಜೆಗಳಲ್ಲಿ ನಾನು ಏಳು ಲಿಂಬು ಸೋಡಾ ಕುಡಿದಿದ್ದೇನೆ, ಅನುಭವದಿಂದ ಹೇಳುತ್ತೇನೆ. ಕುಡಿಯದವನಿಗೆ ಒಂದು ಬಾರು ಹೇಗೆ ಸೋಡಾ ಕೊಡುತ್ತದೆ ಎಂಬುದರಲ್ಲಿ ಅದರ ಬುದ್ಧಿ ತಿಳಿಯುತ್ತದೆ. ಕೆಲವೆಡೆ ಎದುರಿಗೇ ಲಿಂಬೆ ಹಿಂಡಿ, ಉಪ್ಪೋ ಸಕ್ಕರೆಯೋ ಎಂದು ಕೇಳಿ ಕೊಟ್ಟರು. ಕೆಲವೆಡೆ ಬಾಟಲಿ ಮೇಜಿನ ಮೇಲೆ ಕುಕ್ಕಿ, ಜಾಗ ಹಿಡಿದವಳನ್ನು ನೋಡುವಂತೆ ನೋಡಿ ಹೋದರು.

ಮೊದಲ ದಿನದ ಬಾರು ಮಾಗಡಿ ರಸ್ತೆಯ ಕಡೆಯದು. ಹೆಸರು ಬೇಡ. ಕೆಳಗೆ ಕಪ್ಪು ಗಾಜಿನ ಬಾಗಿಲು. ಅದರ ಮಗ್ಗುಲಿಗೆ ಒಂದು ಕಟ್ಟೆ. ಅಲ್ಲಿ ನಿಂತುಕೊಂಡೇ ಕುಡಿಯುವವರು. ಬಣ್ಣ ಬಳಿಯುವವರು, ಆಟೋದವರು, ಕಟ್ಟಡದ ಕೆಲಸದವರು. ಒಂದು ಕ್ವಾರ್ಟರ್, ಒಂದು ಪ್ಲಾಸ್ಟಿಕ್ ಲೋಟ, ನೀರಿನ ಪ್ಯಾಕೀಟು, ನಾಲಿಗೆಗೆ ಹಚ್ಚಿಕೊಳ್ಳಲು ಉಪ್ಪಿನಕಾಯಿ. ನಾನು ಗಡಿಯಾರ ನೋಡಿದೆ. ಒಬ್ಬನಿಗೆ ಐದು ನಿಮಿಷ ಸಾಕಾಯಿತು. ಮಾತಿಲ್ಲ, ನಗೆಯಿಲ್ಲ, ಔಷಧ ಕುಡಿದಂತೆ ಮುಖ ಕಿವಿಚಿ ಕುಡಿದು, ಲೋಟ ಒಗೆದು ಹೋದ.

ಕಪ್ಪು ಬಾಗಿಲಿನ ಹತ್ತಿರ ನಾವು ಹೋಗುತ್ತಿದ್ದಂತೆ ಒಬ್ಬರು ಓಡಿಬಂದು, "ಮೇಡಂ, ಫ್ಯಾಮಿಲಿ ಮೇಲ್ಗಡೆ" ಅಂದರು. ಫ್ಯಾಮಿಲಿ ರೂಮು ನಮಗೆ ಹೊಸದಲ್ಲ. ಹುಬ್ಬಳ್ಳಿ, ಬೆಳಗಾವಿಯ ಹಳೆಯ ಹೊಟೆಲುಗಳಲ್ಲಿ ಹಸಿರು ಪರದೆ ಹಾಕಿದ ಗೂಡಿನೊಳಗೆ ಕೂತು ದೋಸೆ ತಿಂದವರೇ ನಾವು. ಹೆಂಗಸು ತಿನ್ನುವುದನ್ನು ಊರು ನೋಡಬಾರದು ಎಂಬ ಏರ್ಪಾಡು. ಇಲ್ಲಿ ಮೇಲೆ ಹೋದರೆ ಫ್ಯಾಮಿಲಿ ಯಾವುದೂ ಇರಲಿಲ್ಲ. ಗೋಡೆಗೆ ಒತ್ತಿ ಬೀರಿನ ಖಾಲಿ ಕ್ರೇಟುಗಳು, ನಾಲ್ಕು ಮೇಜು, ಸಪ್ಪಳ ಮಾಡುವ ಫ್ಯಾನು. ಮೂಲೆಯಲ್ಲಿ ಒಬ್ಬ ಹುಡುಗ ಒಬ್ಬ ಹುಡುಗಿ ಒಂದೇ ತಟ್ಟೆ ಗೋಬಿ ಮಂಚೂರಿಯನ್ನು ಒಂದು ತಾಸಿನಿಂದ ತಿನ್ನುತ್ತಿದ್ದರು. ಪಾಯಖಾನೆಯ ಕೀಲಿಕೈ ಕೆಳಗಿನಿಂದ ತರಿಸಬೇಕಾಯಿತು. ಒಳಗೆ ನೆಲ ಒರೆಸುವ ಕೋಲು, ಬಕೀಟು, ಚಿಲಕ ಇಲ್ಲ. ಹುಡುಗಿ ಬಾಗಿಲು ಹಿಡಿದುಕೊಂಡು ನಿಂತಳು.

ಆದರೆ ತಿನಿಸು ಚೆನ್ನಾಗಿತ್ತು. ಬೆಂಗಳೂರಿನವರು ಕಾಂಗ್ರೆಸ್ ಕಡಲೆಕಾಯಿ ಅನ್ನುತ್ತಾರಲ್ಲ, ಇಬ್ಭಾಗವಾದ ಶೇಂಗಾಕ್ಕೆ ಕರಿಬೇವು, ಇಂಗು, ಮೆಣಸು ಹಚ್ಚಿದ್ದು. ಅದನ್ನು ಕೇಳದೆಯೇ ತಂದಿಟ್ಟರು. ಸೌತೆಕಾಯಿಗೆ ಖಾರ, ಉಳ್ಳಾಗಡ್ಡಿ ಹಾಕಿದ ಮಸಾಲೆ ಹಪ್ಪಳ. ಇದನ್ನು ತಂದ ಹುಡುಗ ನನ್ನ ಮಾತು ಕೇಳಿ ಅಲ್ಲಿಯೇ ನಿಂತುಬಿಟ್ಟ.

"ಅಕ್ಕಾರ, ನೀವು ನಮ್ಮ ಕಡೆಯಾವ್ರೇನ್ರಿ?"

"ನೇಸರಗಿ. ನಿಂದು?"

"ಸವದತ್ತಿ ತಾಲೂಕರಿ." ಹಳ್ಳಿಯ ಹೆಸರನ್ನೂ ಹೇಳಿದ, ನಾನು ಬರೆಯುವುದಿಲ್ಲ. ಇಪ್ಪತ್ತೆರಡರ ಹುಡುಗ, ಪಿ.ಯು.ಸಿ. ಅರ್ಧಕ್ಕೆ ಬಿಟ್ಟವನು. ನಾನು ಸಾಲಿಯ ಅಕ್ಕಾರು ಎಂದು ತಿಳಿದ ಕೂಡಲೆ ತಟ್ಟೆಯನ್ನು ಬೆನ್ನ ಹಿಂದೆ ಮಾಡಿಕೊಂಡ, ವರ್ಗದಲ್ಲಿ ಬೋರ (ಹಣ್ಣು) ತಿನ್ನುತ್ತ ಸಿಕ್ಕಿಬಿದ್ದವನ ಹಾಗೆ. "ಅವ್ವಗ ಹೊಟೆಲ್‌ದಾಗ ಅದೇನಿ ಅಂತ ಹೇಳೇನ್ರಿ. ಅದರಾಗ ಸುಳ್ಳೇನಿಲ್ರಿ, ಬೋರ್ಡಿನ ಮ್ಯಾಲೆ ರೆಸ್ಟೋರೆಂಟ್ ಅಂತನೂ ಐತಿ."

ಅವನಿಂದ ತಿಳಿದದ್ದು ಪತ್ರಿಕೆಯಲ್ಲಿ ಸಿಗುವಂಥದಲ್ಲ. ಬೆಳಗ್ಗೆ ಬಾಗಿಲು ತೆಗೆಯುವ ಹೊತ್ತಿಗೇ ಕಾಯುತ್ತ ನಿಂತಿರುವ ಆರೇಳು ಜನರಿದ್ದಾರೆ. ಅವರ ಕೈ ನಡುಗುತ್ತಿರುತ್ತದೆ, ರೊಕ್ಕವನ್ನು ಇವನೇ ಅವರ ಕಿಸೆಯಿಂದ ತೆಗೆದುಕೊಳ್ಳಬೇಕು. ಅವರಲ್ಲಿ ಒಬ್ಬರು ಬಾರದೆ ಹೋದ ದಿನ ಇವನಿಗೆ ಹೆದರಿಕೆ. ಭಕ್ಷೀಸು ಒಳಗಿನ ಮೇಜಿನವರು ಕೊಡುತ್ತಾರೆ, ಕಟ್ಟೆಯವರಲ್ಲಿ ಇರುವುದಿಲ್ಲ. ಭಾರತ ಹುಣ್ಣಿಮೆಗೆ ಅವ್ವನನ್ನು ಎಲ್ಲಮ್ಮನ ಗುಡ್ಡಕ್ಕೆ ಕರೆದುಕೊಂಡು ಹೋಗಬೇಕೆಂದು ರೊಕ್ಕ ಕೂಡಿಸುತ್ತಿದ್ದಾನೆ. ತಾನು ಕುಡಿಯುವುದಿಲ್ಲ. "ದಿನಾ ನೋಡಿದ ಮ್ಯಾಲೆ ಯಾಂವ ಕುಡಿತಾನ್ರಿ" ಅಂದ. ಹೋಗುವಾಗ ಮೆಟ್ಟಿಲಿಗೆ ಬಂದು, "ಅಕ್ಕಾರ, ನಮ್ಮ ಊರಾಗ ಯಾರರೆ ಕೇಳಿದ್ರ..." ಎಂದು ನಿಲ್ಲಿಸಿದ. "ಹೊಟೆಲ್‌ದಾಗ ಅದಾನಂತ ಹೇಳ್ತೇನಿ" ಅಂದೆ. ನನ್ನ ಅಕ್ಕನ ಮಗಳು ಮೊಬೈಲಿನಲ್ಲಿ ಟಿಪ್ಪಣಿ ಬರೆಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು.

ಮರುದಿನ ನೇರಳೆ ಬಣ್ಣದ ಮೆಟ್ರೋ ಹತ್ತಿ ಇಂದಿರಾನಗರಕ್ಕೆ ಹೋದೆವು. ಅಲ್ಲಿಯ ಟಾಯಿಟ್ ಎಂಬುದು 2010ರಲ್ಲಿ ಶುರುವಾದದ್ದು, ಬೀರನ್ನು ತಾವೇ ಅಲ್ಲಿಯೇ ತಯಾರಿಸಿ ಬಡಿಸುವ ಜಾಗ. ದೊಡ್ಡ ದೊಡ್ಡ ಪಾತ್ರೆಗಳು ಎದುರಿಗೇ ಕಾಣುತ್ತವೆ. ಹುಡುಗಿ ವಿವರಿಸಿದಳು. ಬಾರ್ಲಿಯನ್ನು ನೆನೆಸಿ ಮೊಳಕೆ ಬರಿಸುವುದು, ಒಣಗಿಸಿ ಒಡೆಯುವುದು, ಬಿಸಿನೀರಿನಲ್ಲಿ ನೆನೆಯಿಟ್ಟು ಸಿಹಿ ತೆಗೆಯುವುದು, ಹಾಪ್ಸ್ ಎಂಬ ಕಹಿ ಹೂವು ಹಾಕಿ ಕುದಿಸುವುದು, ಆರಿದ ಮೇಲೆ ಈಸ್ಟ್ ಹಾಕಿ ಹುಳಿಗೆ ಬಿಡುವುದು. ರಾಗಿ ಮೊಳಕೆ ಕಟ್ಟಿ ಅಂಬಲಿ ಕಾಯಿಸುವವರಿಗೆ, ಚಳಿಗಾಲದಲ್ಲಿ ಇಡ್ಲಿಯ ಹಿಟ್ಟು ಉಬ್ಬಲಿಲ್ಲವೆಂದು ಒದ್ದಾಡುವವರಿಗೆ ಇದರಲ್ಲಿ ತಿಳಿಯದ್ದೇನೂ ಇಲ್ಲ. ಹೆಣ್ಣುಮಕ್ಕಳ ಅಡಿಗೆಮನೆಯ ವಿದ್ಯೆಯೇ ಉಕ್ಕಿನ ಪಾತ್ರೆಗೆ ಹೋಗಿ ದುಬಾರಿಯಾಗಿದೆ. ಒಂದು ಗ್ಲಾಸಿನ ಬೆಲೆ ಕೇಳಿ, ನಮ್ಮ ಕಡೆ ಕಳೆ ತೆಗೆಯುವ ಹೆಂಗಸಿನ ಒಂದು ದಿನದ ಕೂಲಿಯ ಪಕ್ಕಕ್ಕೆ ಅದನ್ನು ಇಟ್ಟು ನೋಡಿದೆ. ನೋಡಬಾರದಿತ್ತು, ಸೋಡಾ ಇಳಿಯಲಿಲ್ಲ. ಚಿಲಕ ಉತ್ತಮ. ಸಪ್ಪಳ ಬಹಳ. ಇಪ್ಪತ್ತೈದರ ಆಸುಪಾಸಿನ ಹುಡುಗಿಯರು ಎಂಟು ಜನ ಒಂದು ಮೇಜಿನ ಸುತ್ತ ಹುಟ್ಟಿದ ಹಬ್ಬ ಮಾಡುತ್ತಿದ್ದರು, ಯಾರೂ ಅವರತ್ತ ತಿರುಗಿ ನೋಡಲಿಲ್ಲ. ನಾನೊಬ್ಬಳೇ ನೋಡಿದೆ.

ಅವರನ್ನು ನೋಡುತ್ತ ನನಗೆ 2009 ನೆನಪಾಯಿತು. ಆ ವರ್ಷ ಜನೆವರಿ 24ರಂದು ಮಂಗಳೂರಿನ ಪಬ್ಬೊಂದಕ್ಕೆ ಶ್ರೀರಾಮ ಸೇನೆಯವರೆಂದು ಹೇಳಿಕೊಂಡ ಗಂಡಸರು ನುಗ್ಗಿ, ಕೂತಿದ್ದ ಹುಡುಗಿಯರನ್ನು ಹೊಡೆದು ಹೊರಗೆ ಎಳೆದರು. ಟಿ.ವಿ.ಯಲ್ಲಿ ದೇಶವೆಲ್ಲ ನೋಡಿತು. 2018ರಲ್ಲಿ ಆರೋಪಿಗಳೆಲ್ಲ ಖುಲಾಸೆಯಾದರು. ಅಂದು ನಮ್ಮ ಸ್ಟಾಫ್ ರೂಮಿನಲ್ಲಿ ಆದ ಮಾತು, ಹುಡುಗಿಯರು ಅಲ್ಲಿಗೆ ಯಾಕೆ ಹೋಗಬೇಕಿತ್ತು ಎಂಬುದು. ನಾನು ಕೇಳಿದ್ದು ಬೇರೆ. ಕುಡಿತ ಕೆಟ್ಟದ್ದೆಂದು ಅಷ್ಟು ಸಿಟ್ಟಿದ್ದವರು, ರಾತ್ರಿ ಎಂಟಕ್ಕೆ ನಮ್ಮ ಊರುಗಳ ಸೆರೆ ಅಂಗಡಿಯ ಮುಂದೆ ಬಂದು ಒಬ್ಬ ಗಂಡಸಿನ ಕೈ ಹಿಡಿದು ಮನೆಗೆ ಯಾಕೆ ಕಳಿಸಲಿಲ್ಲ? ಆ ಕೆಲಸವನ್ನು ಹತ್ತು ವರ್ಷದ ಹುಡುಗಿಯರೇ ಮಾಡಬೇಕೆ? ಸ್ಟಾಫ್ ರೂಮಿನಲ್ಲಿ ಯಾರೂ ಉತ್ತರ ಕೊಡಲಿಲ್ಲ, ಗಂಟೆ ಹೊಡೆಯಿತು.

ನಡುವೆ ಎರಡು ಬಾರುಗಳನ್ನು ಬಿಡುತ್ತೇನೆ. ಒಂದರಲ್ಲಿ ಕ್ರಿಕೆಟ್ಟಿನ ಟಿ.ವಿ. ಬಿಟ್ಟರೆ ಏನೂ ಕಾಣಲಿಲ್ಲ. ಇನ್ನೊಂದು ರೆಸ್ಟ್ ಹೌಸ್ ರಸ್ತೆಯ ಪೆಕೋಸ್, 1989ರದು, ಇಂಗ್ಲಿಷ್ ಹಾಡುಗಳ ಅಭಿಮಾನಿಗಳಿಗೆ ದೇವಸ್ಥಾನವಂತೆ. ಮೆಟ್ಟಿಲು ಹತ್ತುವಾಗ ನನ್ನ ಮೊಣಕಾಲು ಹಿಡಿಯಿತು. ಅಲ್ಲಿಂದ ಚರ್ಚ್ ಸ್ಟ್ರೀಟಿಗೆ ನಡೆಯುತ್ತ ಅವಳು ಹೇಳಿದಳು: ಹೆದ್ದಾರಿಯಿಂದ 500 ಮೀಟರಿನೊಳಗೆ ಮದ್ಯ ಮಾರಬಾರದೆಂಬ ಸುಪ್ರೀಂ ಕೋರ್ಟಿನ ಆದೇಶದಿಂದ 2017ರ ಜುಲೈಯಲ್ಲಿ ಈ ರಸ್ತೆಗಳ ಎಷ್ಟೋ ಬಾರುಗಳು ಮುಚ್ಚಿದ್ದವು. ನಗರದೊಳಗಿನವಕ್ಕೆ ಅದು ಅನ್ವಯಿಸುವುದಿಲ್ಲವೆಂದು ಕೋರ್ಟು ಸ್ಪಷ್ಟಪಡಿಸಿದ ಮೇಲೆ ಮತ್ತೆ ತೆರೆದವು. ಅಪಘಾತ ತಪ್ಪಿಸುವುದು ಆದೇಶದ ಉದ್ದೇಶ. ಹಾದಿಯಲ್ಲಿ ಸಾಯುವವರ ಲೆಕ್ಕ ಸರಕಾರದ ಹತ್ತಿರ ಇರುತ್ತದೆ. ಮನೆಯಲ್ಲಿ ಹೆಂಗಸರಿಗೆ ಬೀಳುವ ಏಟಿನ ಲೆಕ್ಕ ಎಷ್ಟು ಮೀಟರಿನಿಂದ ಅಳೆಯಬೇಕು?

ಸೇಂಟ್ ಮಾರ್ಕ್ಸ್ ರಸ್ತೆಯ ಕೋಶೀಸ್‌ನಲ್ಲಿ ನಾವು ಒಂದು ಇಡೀ ಮಧ್ಯಾಹ್ನ ಕೂತೆವು. 1940ರಲ್ಲಿ ಬೇಕರಿಯಾಗಿ ಶುರುವಾದ ಜಾಗ ಇದು. ಎತ್ತರದ ಮಾಡು, ಫ್ಯಾನು, ದೊಡ್ಡ ಕಿಟಕಿಗಳಿಂದ ಹಗಲಿನ ಬೆಳಕು. ಬಾರಿಗೆ ಬೆಳಕು ಇರಬಹುದು ಎಂಬುದೇ ನನಗೆ ಸುದ್ದಿ. ಒಂದು ಕಪ್ ಕಾಫಿ ತರಿಸಿಕೊಂಡು ಮೂರು ತಾಸು ಕೂತರೂ ಏಳಿ ಎನ್ನುವವರಿಲ್ಲ. ನಮ್ಮ ಆಚೆಯ ಮೇಜಿನಲ್ಲಿ ಎಪ್ಪತ್ತರ ಆಸುಪಾಸಿನ ಒಬ್ಬ ಹೆಂಗಸು, ಹತ್ತಿಯ ಸೀರೆ, ಒಬ್ಬಳೇ. ಮುಂದೆ ಒಂದು ಬೀರು, ಒಂದು ಪುಸ್ತಕ. ಒಂದು ಗುಟುಕು ಕುಡಿದು ನಾಲ್ಕು ಪುಟ ಓದುತ್ತಿದ್ದಳು. ಬಡಿಸುವವರು ಬಂದು ಅವಳ ಆರೋಗ್ಯ ವಿಚಾರಿಸಿ ಹೋದರು. ಆಕೆಯ ಕುಡಿತ ನನಗೆ ಬೇಕಿಲ್ಲ, ಕೂತದ್ದು ಬೇಕೆನ್ನಿಸಿತು. ನಮ್ಮ ಊರಿನಲ್ಲಿ ಗಂಡಸರಿಗೆ ಕಟ್ಟೆ ಇದೆ, ಚಹಾದಂಗಡಿ ಇದೆ, ಗುಡಿಯ ಪೌಳಿ ಇದೆ, ಸೆರೆ ಅಂಗಡಿ ಇದೆ. ಐವತ್ತಾರು ವರ್ಷದ ನಾನು, ಪಗಾರ ತರುವ ನಾನು, ಮನೆ ಮತ್ತು ಶಾಲೆ ಬಿಟ್ಟು ಕಾರಣವಿಲ್ಲದೆ ಒಂದು ತಾಸು ಕೂಡುವ ಜಾಗ ಯಾವುದೆಂದು ಎಣಿಸಿದೆ. ಬಸ್ ಸ್ಟ್ಯಾಂಡು ಒಂದೇ ಸಿಕ್ಕಿತು. ಅಲ್ಲಿಯೂ ಬಸ್ಸು ಬರಬೇಕೆಂದು ನಟಿಸಬೇಕು.

ಅಲ್ಲಿ ಕೂತಾಗ ಹುಡುಗಿಯನ್ನು ಕೇಳಿದೆ. ಇಷ್ಟು ಉದ್ಯೋಗಗಳಿರುವಾಗ, ನಿಮ್ಮ ಮನೆಯ ಕತೆ ಹಾಗಿರುವಾಗ, ಇದೇ ಯಾಕೆ? ಅವಳ ಮುಂದಿನ ಗ್ಲಾಸು ಅರ್ಧ ಹಾಗೆಯೇ ಇತ್ತು. ಯಾವ ದಿನವೂ ಅವಳು ಪೂರ್ತಿ ಮುಗಿಸಿದ್ದು ನಾನು ಕಾಣಲಿಲ್ಲ.

"ಚಿಗವ್ವ, ನನ್ನ ಯಾವತ್ತೂ ಒಳಗ ಬಿಡ್ತಿರಲಿಲ್ಲ. ಹೊರಗ ಲೈಟಿನ ಕಂಬದ ಕೆಳಗ ನಿಂದರ್ತಿದ್ದೆ. ಅಪ್ಪ ಒಳಗ ಏನ ಮಾಡ್ತಾನಂತ ವಿಚಾರ ಮಾಡ್ತಿದ್ದೆ. ಅಲ್ಲಿ ನಗ್ತಾನೇನೋ, ಗೆಣೆಯಾರ ಜೋಡಿ ಮಾತಾಡ್ತಾನೇನೋ ಅಂತ. ಮನಿಯಾಗ ನಗ್ತಿರಲಿಲ್ಲಲ್ಲ." ಸ್ವಲ್ಪ ಹೊತ್ತು ಸುಮ್ಮನಿದ್ದಳು. "ದೊಡ್ಡಾಕಿ ಆದ ಮ್ಯಾಲೆ ಕಾಕಾನ್ನ ಕೇಳಿದೆ. ಅಲ್ಲಿ ಏನೂ ಇರಲಿಲ್ಲ ಅಂದ. ಕುರ್ಚಿ ಸೈತ ಇರಲಿಲ್ಲ. ಗ್ವಾಡಿಗೆ ನಿಂತು, ಪ್ಯಾಕೀಟಿನ ಮೂಲಿ ಹಲ್ಲಲೆ ಕಚ್ಚಿ ಉಗುಳಿ, ಕುಡಿದು, ಮತ್ತೊಂದ ತಗೋತಿದ್ರಂತ. ಅಪ್ಪ ಯಾರ ಜೋಡಿನೂ ಮಾತಾಡ್ತಿರಲಿಲ್ಲಂತ."

ನಾನು ಏನೂ ಹೇಳಲಿಲ್ಲ. ಪಕ್ಕದ ಮೇಜಿನವಳು ಪುಟ ತಿರುವಿದ ಸಪ್ಪಳ ಕೇಳಿಸಿತು. ಮಾಗಡಿ ರಸ್ತೆಯ ಕಟ್ಟೆಯವನ ಮುಖ ಕಣ್ಣಿಗೆ ಬಂತು. ಐದು ನಿಮಿಷದ ಕುಡಿತ, ಐದು ತಾಸಿನ ಕುಡಿತ ಎಂದು ಎರಡು ಇವೆ. ಒಂದರಲ್ಲಿ ಮನುಷ್ಯನಿಗೆ ಕುರ್ಚಿ ಸಿಕ್ಕಿರುತ್ತದೆ, ಊಟ ಸಿಕ್ಕಿರುತ್ತದೆ, ಎದುರಿಗೆ ಯಾರೋ ಕೂತಿರುತ್ತಾರೆ. ಅವನೂ ಕೆಡುತ್ತಾನೆ, ನಿಧಾನವಾಗಿ. ಶ್ರೀಮಂತರ ಯಕೃತ್ತು ಕಬ್ಬಿಣದ್ದೇನಲ್ಲ. ಇನ್ನೊಂದರಲ್ಲಿ ಅಮಲು ಒಂದೇ, ಅದನ್ನು ಹೊತ್ತು ತರುವುದು ಸೀದಾ ಮನೆಗೆ. ಸರಕಾರಕ್ಕೆ ಇಬ್ಬರೂ ಒಂದೇ. 2023ರ ಜುಲೈಯಲ್ಲಿ ಮದ್ಯದ ಅಬಕಾರಿ ಸುಂಕ ಶೇ. 20 ಏರಿತು, ಅದರ ಮರುತಿಂಗಳು ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿಯ ಗೃಹಲಕ್ಷ್ಮಿ ಬಂತು. ಆ ಎರಡು ಸಾವಿರದಿಂದ ಹೆಣ್ಣುಮಕ್ಕಳಿಗೆ ಆದ ಉಪಯೋಗ ನಾನು ನಮ್ಮ ಓಣಿಯಲ್ಲೇ ಕಂಡಿದ್ದೇನೆ, ಅದನ್ನು ಹಗುರ ಮಾಡುವುದಿಲ್ಲ. ಆದರೆ 2025-26ರ ಬಜೆಟ್ಟಿನಲ್ಲಿ ಅಬಕಾರಿಯಿಂದ 40,000 ಕೋಟಿ ರೂಪಾಯಿ ಬರಬೇಕೆಂದು ಗುರಿ ಇಟ್ಟಿದ್ದಾರೆ. ಶಾಲೆಯಲ್ಲಿ ಗುರಿ ಇಟ್ಟರೆ ಮಕ್ಕಳು ಹೆಚ್ಚು ಓದಬೇಕು. ಇಲ್ಲಿ ಗುರಿ ಮುಟ್ಟಬೇಕಾದರೆ ಯಾರು ಏನನ್ನು ಹೆಚ್ಚು ಮಾಡಬೇಕು? ಮಕ್ಕಳಿಗೆ ಈ ಲೆಕ್ಕ ಕೊಟ್ಟರೆ ತಕ್ಷಣ ಬಿಡಿಸುತ್ತಾರೆ.

2019ರ ಜನೆವರಿಯಲ್ಲಿ ಮದ್ಯ ನಿಷೇಧ ಬೇಕೆಂದು ಸಾವಿರಾರು ಹೆಂಗಸರು ಚಿತ್ರದುರ್ಗದಿಂದ ಸುಮಾರು 200 ಕಿಲೋಮೀಟರ್ ನಡೆದು ಇದೇ ಬೆಂಗಳೂರಿಗೆ ಬಂದಿದ್ದರು. ರಾಯಚೂರಿನ ಕಡೆಯ ಹಳ್ಳಿಗಳವರು ಬಹಳ. ಕೂಲಿ ಬಿಟ್ಟು, ಬುತ್ತಿ ಕಟ್ಟಿಕೊಂಡು, ಬರಿಗಾಲಿನವರೂ ಇದ್ದರು. ನಿಷೇಧ ಬರಲಿಲ್ಲ. ನಿಷೇಧದಿಂದ ಕಳ್ಳಭಟ್ಟಿ ಬರುತ್ತದೆ ಎಂದು ಓದಿದವರು ಹೇಳುತ್ತಾರೆ, ನಮ್ಮ ಅವ್ವನ ಮಾತು ನೆನೆದರೆ ಅದು ಸುಳ್ಳೂ ಅಲ್ಲ. ಆದರೆ ಹಳ್ಳಿಯ ಕಿರಾಣಿ ಅಂಗಡಿಯಲ್ಲಿ, ಪಾನಪಟ್ಟಿಯಲ್ಲಿ ಲೈಸನ್ಸ್ ಇಲ್ಲದೆ ಮಾರುವುದನ್ನಾದರೂ ನಿಲ್ಲಿಸಿ ಎಂದು ಅವರು ಕೇಳಿದ್ದರಲ್ಲ, ಅದಕ್ಕೆ ಯಾವ ಪಾಂಡಿತ್ಯ ಅಡ್ಡ ಬರುತ್ತದೆ? ನಾನು ಹುಡುಗಿಗೆ ಹೇಳಿದೆ: ನೀನು ಬಾರಿನ ಬಗ್ಗೆ ಬರೆ. ಬೇಡ ಅನ್ನುವುದಿಲ್ಲ. ಮೇಜಿನ ಬಗ್ಗೆ ಬರೆದಂತೆ ಹೊರಗಿನ ಕಟ್ಟೆಯ ಬಗ್ಗೆಯೂ ಬರೆ, ಚಿಲಕವಿಲ್ಲದ ಬಾಗಿಲನ್ನೂ ಬರೆ. "ಅದನ್ನ ಓದೋರು ಕಡಿಮಿ ಚಿಗವ್ವ" ಅಂದಳು. ಆದರೂ ಬರೆದಳು. ಮೂರನೆಯ ವಾರದ ಪುಟದಲ್ಲಿ ಫ್ಯಾಮಿಲಿ ರೂಮಿನ ಚಿಲಕ ಇಂಗ್ಲಿಷಿನಲ್ಲಿ ಅಚ್ಚಾಗಿ ಬಂತು. ಸವದತ್ತಿಯ ಹುಡುಗನ ಸುಳಿವು ಅದರಲ್ಲಿ ಇರಲಿಲ್ಲ.

ಆ ಪುಟವನ್ನು ನಾನು ಅಕ್ಕನ ಮನೆಯ ಪಡಸಾಲೆಯಲ್ಲಿ ಕೂತು ಕನ್ನಡ ಮಾಡಿ ಓದಿ ಹೇಳಿದೆ. ಬಿ.ಎಡ್. ಮಾತು ಅವಳು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಅವಳು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಕೋಶೀಸ್‌ನ ಹೆಂಗಸಿನ ಸುದ್ದಿ ಬಂದಾಗ ಕೈ ನಿಂತಿತು.

"ಹೆಂಗಸರೂ ಕುಂತಿದ್ರು ಅಂತಿಯಲ್ಲ, ಅವರ ಮಗ್ಗಲ ಗಂಡಸರೂ ಕುಡಿತಿದ್ರು?"

"ಹೌದು."

"ಕುಡಿದ ಮ್ಯಾಲೆ ಹೊಡಿಯಾಕ ಬರ್ತಿರಲಿಲ್ಲ?"

"ಅಲ್ಲಿ ಬರ್ತಿರಲಿಲ್ಲ. ಮನಿಗೆ ಹೋಗಿ ಏನ ಮಾಡ್ತಾರೋ ನನಗ ಗೊತ್ತಿಲ್ಲ."

ಅವಳು ಹರಳು ಹೆಕ್ಕಿ ಅಂಗಳಕ್ಕೆ ಒಗೆದಳು. ಮೊರ ಎರಡು ಸಲ ಕೇರಿದಳು. ಆಮೇಲೆ ಬಾರಿನಲ್ಲಿ ಕೆಲಸ ಮಾಡುವ ಹುಡುಗನ ಬಗ್ಗೆ ಕೇಳಿದಳು. ಅವನಿಗೆ ಊಟ ಅಲ್ಲಿಯೇ ಕೊಡುತ್ತಾರೋ, ರೊಟ್ಟಿ ಸಿಗುತ್ತದೋ. ಅನ್ನವಂತೆ ಅಂದೆ. ಒಳಗೆ ಹೋಗಿ ಕುಟ್ಟಿಟ್ಟ ಶೇಂಗಾ ಚಟ್ನಿಯ ಬರಣಿ ತಂದು, ಎರಡು ಡಬ್ಬಿಗೆ ತುಂಬಿದಳು.

"ಇದೊಂದ ಆ ಹುಡುಗಗ ಕೊಡಂತ ಹೇಳ. ಸವದತ್ತಿ ಕಡೆಯವರಿಗೆ ಖಾರ ಹತ್ತತೈತಿ, ಇನ್ನೊಂದೀಟ ಹಾಕಲೇನು?"